ಈ ಮೂಗು ಯಾರದ್ದು?

ಪ್ರಿಯ ಲೇಖಕಿಗೆ,

ನಿಮ್ಮ ‘ಕೊನೆಯ ಕೊಯ್ಲು’ ಕಥೆಯನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಹದಿಮೂರನೇ ಪುಟದ ಒಂದು ವಾಕ್ಯ. ಆ ವಾಕ್ಯದ ಮಾತು ಆಮೇಲೆ ಆಡೋಣ.

ಶೀರ್ಷಿಕೆ ಚೆನ್ನಾಗಿದೆ. ಅಡಿಕೆ ಸೀಮೆಯವರಿಗೆ ಕೊನೆ ಅಂದರೆ ಮರದ ತುದಿಯ ಗೊಂಚಲು. ಬೇರೆಯವರಿಗೆ ಕೊನೆ ಅಂದರೆ ಮುಗಿತಾಯ. ಎರಡೂ ಅರ್ಥ ಒಂದೇ ಪದದಲ್ಲಿ ಕೂತಿದೆ, ನೀವು ಅದನ್ನು ವಿವರಿಸಲು ಹೋಗಿಲ್ಲ. ಕಥೆಯ ಹಂದರವೂ ಗಟ್ಟಿಯಾಗಿದೆ. ಶಿರಸಿ ಕಡೆಯ ಒಂದು ಹಳ್ಳಿ, ಎಪ್ಪತ್ತು ದಾಟಿದ ಅಜ್ಜಿ, ಬೆಂಗಳೂರಿನ ಮಗ. ತೋಟ ಮಾರುವುದೆಂದು ಜುಲೈನಲ್ಲೇ ತೀರ್ಮಾನವಾಗಿದೆ. ಡಿಸೆಂಬರಿನ ಕೊಯ್ಲು ಮುಗಿಸಿ ಬಿಟ್ಟುಕೊಡಬೇಕು. ಇಷ್ಟನ್ನೂ ಅಜ್ಜಿಯೊಳಗಿಂದಲೇ ಹೇಳುತ್ತೇನೆ ಎಂದು ಹೊರಟಿದ್ದೀರಿ.

ಕಥೆಯ ಜೊತೆಗಿನ ಪತ್ರದಲ್ಲಿ, ‘ಓದುಗರಿಗೆ ಅನುಭವವಾಗಲಿ ಎಂದು ಐದೂ ಇಂದ್ರಿಯಗಳು ಬರುವ ಹಾಗೆ ನೋಡಿಕೊಂಡಿದ್ದೇನೆ’ ಎಂದು ಬರೆದಿದ್ದೀರಿ. ಹೌದು, ನೋಡಿಕೊಂಡಿದ್ದೀರಿ. ತೊಂದರೆ ಶುರುವಾಗಿದ್ದೇ ಅಲ್ಲಿ. ನಿಮ್ಮ ಮೊದಲ ಪ್ಯಾರಾ ಹೀಗಿದೆ:

‘ಧೋ ಎಂದು ಮಳೆ ಸುರಿಯುತ್ತಿತ್ತು. ಭೂತಾಯಿ ಹಸಿರು ಸೀರೆ ಉಟ್ಟು ಕಂಗೊಳಿಸುತ್ತಿದ್ದಳು. ಒದ್ದೆ ಮಣ್ಣಿನ ಸುವಾಸನೆ ಮೂಗಿಗೆ ಬಡಿಯಿತು. ದೂರದಲ್ಲಿ ಹಕ್ಕಿಗಳ ಚಿಲಿಪಿಲಿ ಕೇಳುತ್ತಿತ್ತು. ತಣ್ಣನೆಯ ಗಾಳಿ ಮೈ ಸೋಕಿತು. ಅಜ್ಜಿ ಬಿಸಿಬಿಸಿ ಕಾಫಿಯ ಸವಿ ಹೀರುತ್ತಾ ಜಗುಲಿಯಲ್ಲಿ ಕುಳಿತಳು.’

ಇದನ್ನು ಓದಿದಾಗ ನನಗೆ ಶಾಲೆಯ ಹಾಜರಿ ಪುಸ್ತಕ ನೆನಪಾಯಿತು. ಕಿವಿ? ಬಂದೆ ಸಾರ್. ಕಣ್ಣು? ಬಂದೆ ಸಾರ್. ಮೂಗು, ಚರ್ಮ, ನಾಲಿಗೆ ಎಲ್ಲ ಬಂದಿವೆ. ಆದರೆ ಮಳೆ ಬಂದಿಲ್ಲ. ಧೋ ಎನ್ನುವ ಮಳೆಯಲ್ಲಿ ಯಾವ ಹಕ್ಕಿ ಚಿಲಿಪಿಲಿ ಅನ್ನುತ್ತದೆ ಹೇಳಿ? ಅಂದಿದ್ದರೂ ಹಂಚಿನ ಮಾಡಿನ ಕೆಳಗೆ ಕೂತವರಿಗೆ ದೂರದ ಸದ್ದು ಕೇಳುತ್ತದೆಯೇ? ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ನೀವು ಮಳೆಯನ್ನು ನೆನೆದು ಬರೆದಿಲ್ಲ. ಮಳೆಯ ಬಗ್ಗೆ ಬೇರೆಯವರು ಬರೆದದ್ದನ್ನು ನೆನೆದು ಬರೆದಿದ್ದೀರಿ. ಬೇಜಾರಾಗಬೇಡಿ, ನನಗೆ ಬರುವ ಹತ್ತು ಮಳೆಗಾಲದ ಕಥೆಗಳಲ್ಲಿ ಎಂಟು ಹೀಗೇ ಶುರುವಾಗುತ್ತವೆ. ಹಸಿರು ಸೀರೆ ಉಟ್ಟೂ ಉಟ್ಟೂ ಭೂತಾಯಿಗೂ ಸಾಕಾಗಿರಬೇಕು.

ಮಣ್ಣಿನ ವಾಸನೆಯ ಹತ್ತಿರ ಸ್ವಲ್ಪ ನಿಲ್ಲೋಣ. ಅದು ಬರೀ ಸವಕಲಾದ ಮಾತಷ್ಟೇ ಅಲ್ಲ, ತಪ್ಪೂ ಹೌದು. ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, ಪೆಟ್ರಿಕೋರ್ ಎಂದು ಹೆಸರಿಟ್ಟರು. ಬಿಸಿಲಿಗೆ ಒಣಗಿದ ನೆಲ ಮತ್ತು ಕಲ್ಲು ಗಿಡಗಳಿಂದ ಬರುವ ಎಣ್ಣೆಯ ಅಂಶವನ್ನು ಹೀರಿಕೊಂಡು ಕೂತಿರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೂ ಅಲ್ಲಿರುತ್ತದೆ. ಒಣ ನೆಲದ ಮೇಲೆ ಹನಿ ಬಿದ್ದಾಗ ಪುಟ್ಟ ಪುಟ್ಟ ಗುಳ್ಳೆಗಳು ಒಡೆದು ಇದೆಲ್ಲ ಗಾಳಿಗೆ ಏಳುತ್ತದೆ. ಅಂದರೆ ಈ ವಾಸನೆಗೆ ಮಳೆಗಿಂತ ಮೊದಲು ಬೇಕಾದ್ದು ಬರ. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಇದನ್ನೇ ಅತ್ತರು ಮಾಡಿ ಮಾರುತ್ತಾರೆ. ಅಲ್ಲೂ ಒಣಗಿಸಿ ಸುಟ್ಟ ಮಣ್ಣಿನಿಂದಲೇ ಅದನ್ನು ಇಳಿಸುವುದು.

ನಿಮ್ಮ ಕಥೆ ಶುರುವಾಗುವುದು ಜುಲೈ ಮೂರನೇ ವಾರದಲ್ಲಿ. ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿಯುವ ಹೊತ್ತು ಅದು. ಆ ಹೊತ್ತಿಗೆ ಶಿರಸಿಯಲ್ಲಿ ಮಳೆ ಹಿಡಿದು ಹೆಚ್ಚುಕಡಿಮೆ ಒಂದೂವರೆ ತಿಂಗಳಾಗಿರುತ್ತದೆ. ಮಣ್ಣು ಕುಡಿದು ಕುಡಿದು ವಾಂತಿ ಮಾಡಿಕೊಳ್ಳುತ್ತಿರುತ್ತದೆ. ಆಗ ಮನೆಯಲ್ಲಿ ಏನು ವಾಸನೆ ಇರುತ್ತದೆ ಎಂದು ನಿಮಗೆ ಗೊತ್ತು. ಹನ್ನೆರಡು ವರ್ಷ ಅಲ್ಲೇ ಬೆಳೆದವರು ನೀವು. ಒಣಗದ ಬಟ್ಟೆಯ ಮುಗ್ಗು, ಒಲೆಯ ಮೇಲಿನ ಗಳಕ್ಕೆ ಹಾಕಿದ ಪಂಚೆಗೆ ಹತ್ತಿದ ಹೊಗೆ, ಹಸಿ ಕಟ್ಟಿಗೆ, ಬೂಸಲು ಹಿಡಿದ ಚಪ್ಪಲಿ. ಇವೆಲ್ಲ ಕಥೆಗೆ ಬರುವಷ್ಟು ಚೆಂದ ಇಲ್ಲ ಅನ್ನಿಸಿರಬೇಕು ನಿಮಗೆ. ಅದಕ್ಕೇ ಮೊದಲ ಮಳೆಯ ಪರಿಮಳವನ್ನು ಏಪ್ರಿಲ್‌ನಿಂದ ಎತ್ತಿ ತಂದು ಜುಲೈನಲ್ಲಿ ಇಟ್ಟಿದ್ದೀರಿ.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಈ ಮೂಗು ಯಾರದ್ದು?

ಕಥೆಯಲ್ಲಿ ಇರುವುದು ಅಜ್ಜಿ. ಐವತ್ತು ಮಳೆಗಾಲ ಅದೇ ಜಗುಲಿಯಲ್ಲಿ ಕೂತವಳು. ಅವಳಿಗೆ ಒದ್ದೆ ಮಣ್ಣಿನ ವಾಸನೆ ‘ಮೂಗಿಗೆ ಬಡಿಯುವುದಿಲ್ಲ’. ತಣ್ಣನೆ ಗಾಳಿ ‘ಸೋಕುವುದಿಲ್ಲ’. ಅದೆಲ್ಲ ಆಗುವುದು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದು ಇಳಿದ ಮೊಮ್ಮಗಳಿಗೆ. ಅಂದರೆ ನಿಮಗೆ. ಅಜ್ಜಿಯ ಮುಖಕ್ಕೆ ನಿಮ್ಮ ಮೂಗು ಅಂಟಿಸಿದ್ದೀರಿ. ಕಥೆ ಉದ್ದಕ್ಕೂ ಇದೇ ಆಗಿದೆ.

ನಾನು ಬೆಳೆದದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹತ್ತಿರ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು ದಿನಾ ನೋಡುತ್ತಿದ್ದೆ. ಆದರೆ ನಮ್ಮ ಓಣಿಗೆ ಒಂದು ವಾಸನೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹದಿನೇಳನೇ ವಯಸ್ಸಿಗೆ ಬೇರೆ ಊರಿನ ಹಾಸ್ಟೆಲ್ ಸೇರಿದೆ. ಮೊದಲ ಸಲ ಊರಿಗೆ ಹೋಗಿ ಬಂದಾಗ ರೂಮಿನ ಗೆಳೆಯ ನನ್ನ ಅಂಗಿ ಹಿಡಿದು, ‘ಎಲ್ಲಿ ಬೆಂಕಿ ಹತ್ತಿತ್ತೋ?’ ಎಂದು ಕೇಳಿದ. ನಾನು ಮೂಸಿ ನೋಡಿದೆ. ಏನೂ ಇಲ್ಲ! ಎರಡು ವರ್ಷ ಕಳೆದ ಮೇಲೆ ಒಂದು ದಿನ ಬಸ್ಸಿಳಿದು ಮನೆ ಕಡೆ ನಡೆಯುವಾಗ ಥಟ್ಟನೆ ಆ ಹೊಗೆ ಗೊತ್ತಾಯಿತು. ಖುಷಿಯಾಗಲಿಲ್ಲ. ನಾನು ಈ ಊರಿನವನಲ್ಲ ಎಂದು ಯಾರೋ ಹೇಳಿದ ಹಾಗಾಯಿತು.

ಮೂಗು ಇರುವುದೇ ಹಾಗೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಬದಲಾದರೆ ಮಾತ್ರ ಎಚ್ಚರವಾಗುತ್ತದೆ. ಹಾಗಾದರೆ ಅಜ್ಜಿಗೆ ಯಾವುದೂ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ, ನಮಗಿಂತ ನೂರು ಪಾಲು ಜಾಸ್ತಿ. ಆದರೆ ಅವಳಿಗೆ ಗೊತ್ತಾಗುವುದೇ ಬೇರೆ. ಅವಳ ಕಿವಿ ಮೂಗು ಕೈ ಎಲ್ಲ ಕೆಲಸದಲ್ಲಿರುತ್ತವೆ. ಯಾವುದೋ ಒಂದಕ್ಕೆ ಕಾಯುತ್ತಿರುತ್ತವೆ, ಯಾವುದಕ್ಕೋ ಹೆದರುತ್ತಿರುತ್ತವೆ.

ಜುಲೈನಲ್ಲಿ ಅಡಿಕೆ ತೋಟ ಇರುವವರು ಯಾವುದಕ್ಕೆ ಹೆದರುತ್ತಾರೆ? ಕೊಳೆ ರೋಗಕ್ಕೆ. ನಿಮ್ಮ ಹದಿನಾರು ಪುಟದಲ್ಲಿ ಆ ಪದವೇ ಇಲ್ಲ. ಬಿಡದೆ ಮಳೆ ಹೊಯ್ದರೆ ಎಳೆಗಾಯಿ ಕೊಳೆತು ಉದುರುತ್ತದೆ. ಅದಕ್ಕೇ ಮಳೆ ಬಿಟ್ಟ ಹೊತ್ತು ನೋಡಿ ಔಷಧಿ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಹದ ಸರಿಯಾಗಿದೆಯೇ ಎಂದು ನೋಡಲು ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ತುಕ್ಕಿನಂಥ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ನೋಡಿ, ಆಕಾಶದ ನೀಲಿ ಬಣ್ಣದ ಒಂದು ಡ್ರಮ್ಮು, ಅದರ ಮುಂದೆ ಬಗ್ಗಿ ಕತ್ತಿ ಅದ್ದಿ ಎತ್ತಿ ಬೆಳಕಿಗೆ ಹಿಡಿದ ಮುದುಕಿ. ಈ ಒಂದು ಚಿತ್ರಕ್ಕೆ ನಿಮ್ಮ ಹಸಿರು ಸೀರೆ ಎಲ್ಲಿ ಸಾಟಿ? ಮಾರಲಿರುವ ತೋಟಕ್ಕೆ ಈ ವರ್ಷ ಔಷಧಿ ಹೊಡೆಸಬೇಕೋ ಬೇಡವೋ ಎಂಬ ಪ್ರಶ್ನೆಯೂ ಅದರೊಳಗೇ ಇದೆ. ನಿಮ್ಮ ಕಥೆಯ ಅರ್ಧ ಅಲ್ಲೇ ಇದೆ.

ನಿಮ್ಮ ಮೊದಲ ಪ್ಯಾರಾವನ್ನು ನಾನೇ ಒಂದು ಸಲ ತಿದ್ದಿ ನೋಡಿದೆ. ಇದನ್ನೇ ಬಳಸಿ ಎಂದಲ್ಲ, ದಯವಿಟ್ಟು ಬಳಸಬೇಡಿ. ಕಿವಿಯೊಂದನ್ನೇ ಇಟ್ಟುಕೊಂಡು ಎಷ್ಟು ದೂರ ಹೋಗಬಹುದು ಎಂದು ತೋರಿಸಲು ಅಷ್ಟೇ:

‘ಪುಷ್ಯ ಮಳೆ ಸ್ವಲ್ಪ ಹೊಳವಾಗಿತ್ತು. ಅಜ್ಜಿ ಕಾಫಿ ಲೋಟ ಕೆಳಗಿಟ್ಟು ಕಿವಿ ಕೊಟ್ಟಳು. ಹಂಚಿನ ಹನಿ ಅಂಗಳದ ಕಲ್ಲಿಗೆ ಬೀಳುತ್ತಿತ್ತು. ಅದರ ನಡುವೆ ಮನೆ ಹಿಂದಿನ ತೋಟದಲ್ಲಿ ಟಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮಾರುವ ತೋಟದ ಕಾಯಿ ಎಣಿಸಿ ಏನಾಗಬೇಕು ಎಂದುಕೊಂಡು ಮತ್ತೆ ಲೋಟ ಎತ್ತಿಕೊಂಡಳು. ಕಾಫಿ ಆರಿತ್ತು. ಕುಡಿದು ಮುಗಿಸುವ ಹೊತ್ತಿಗೆ ಏಳಾಗಿತ್ತು.’

ಇಲ್ಲಿ ಮಳೆಯನ್ನು ನಾನು ಬಣ್ಣಿಸಲೇ ಇಲ್ಲ. ‘ಅಜ್ಜಿಗೆ ಸಂಕಟವಾಯಿತು’ ಎಂದೂ ಬರೆಯಲಿಲ್ಲ. ಎಣಿಸುವುದಿಲ್ಲ ಅಂದವಳು ಎಣಿಸಿದ್ದಾಳೆ, ಅಷ್ಟೇ. ಕಾಫಿಯೂ ಇದೆ ನೋಡಿ. ನಿಮ್ಮ ಕಾಫಿ ಬಿಸಿ ಇತ್ತು, ಇದು ಆರಿದೆ. ಆರಿದ ಕಾಫಿ ಎಷ್ಟು ಹೊತ್ತು ಕಳೆಯಿತು ಎಂದು ಹೇಳುತ್ತದೆ. ಬಿಸಿಬಿಸಿ ಕಾಫಿ ಜಾಹೀರಾತಿನಲ್ಲೂ ಸಿಗುತ್ತದೆ.

ಡಿಸೆಂಬರಿನ ಭಾಗಕ್ಕೆ ಹೋಗೋಣ. ಏಳನೇ ಪುಟದಲ್ಲಿ ‘ಕೆಂಪು ಕೆಂಪಾದ ಅಡಿಕೆ ಗೊಂಚಲುಗಳು ಮರದಿಂದ ಇಳಿದು ಬಂದವು, ಸಂಜೆ ಅವನ್ನು ಸುಲಿದು ಹಂಡೆಗೆ ಹಾಕಿದರು’ ಎಂದಿದೆ. ಇದನ್ನು ಅಡಿಕೆ ಸೀಮೆಯವರು ಓದಿದರೆ ಪತ್ರಿಕೆ ಮಡಚಿ ಇಡುತ್ತಾರೆ. ಹಂಡೆಗೆ ಹೋಗುವುದು ಹಸಿರು ಕಾಯಿ. ಮರದಲ್ಲೇ ಹಣ್ಣಾದದ್ದು ಹಳದಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಬೇಯಿಸದೆ ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುತ್ತಾರೆ. ನೀವು ಕಂಡ ಕೆಂಪು ಮರದ್ದಲ್ಲ, ಹಂಡೆಯದ್ದು. ಬೆಂದ ಮೇಲೆ, ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಹತ್ತಿದ ಮೇಲೆ ಬರುವ ಬಣ್ಣ. ಹಸಿರು ಒಳಗೆ ಹೋಗಿ ಕೆಂಪು ಹೊರಗೆ ಬರುವುದೇ ಆ ರಾತ್ರಿಯ ಕೆಲಸ, ಅಲ್ವಾ? ಅದನ್ನೇ ನೀವು ಮರದ ಮೇಲೆ ಮುಗಿಸಿಬಿಟ್ಟಿದ್ದೀರಿ. ಬಣ್ಣ ತಪ್ಪಾದದ್ದು ಸಣ್ಣ ವಿಷಯ. ಆ ತಪ್ಪಿನಿಂದ ಒಂದಿಡೀ ದೃಶ್ಯ ಹೋಯಿತಲ್ಲ, ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಸುಲಿಯುವ ರಾತ್ರಿಗೆ ನೀವು ಕೊಟ್ಟಿರುವುದು ನಾಲ್ಕು ಸಾಲು. ‘ಎಲ್ಲರೂ ನಗುನಗುತ್ತಾ ಮಾತಾಡುತ್ತಾ ಅಡಿಕೆ ಸುಲಿದರು’ ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ನಾಲ್ಕು ಪುಟ ಕೇಳುತ್ತೇನೆ. ಮಣೆಗೆ ಅಲಗು ಸಿಕ್ಕಿಸಿದ ಮೆಟ್ಟುಗತ್ತಿಯ ಮೇಲೆ ಕೂತಾಗ ಮೊದಲು ನೋಯುವುದು ಸೊಂಟವೋ ಮಂಡಿಯೋ? ಕಾಯಿಯನ್ನು ಅಲಗಿಗೆ ಒತ್ತಿದಾಗ ಬರುವ ಸದ್ದು, ಹೊಸ ಕೈಗೂ ಪಳಗಿದ ಕೈಗೂ ಬೇರೆ ಬೇರೆ ಇರುತ್ತದಲ್ಲವೇ? ಮಾತಿನ ನಡುವೆ ಒಬ್ಬರ ಕತ್ತಿ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾಕೆ ನಿಂತಿತು? ಬೆರಳು ಕೊಯ್ದುಕೊಂಡಳೋ, ಮುಂದಿನ ವರ್ಷ ಈ ಅಂಗಳದಲ್ಲಿ ಸುಲಿಯುವವರು ಯಾರು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೋ? ಹೊಸಬರು ಯಾರೋ ಎಳೆ ಅಡಿಕೆ ಬಾಯಿಗೆ ಹಾಕಿಕೊಂಡು ಸೊಕ್ಕಿ, ಕಿವಿ ಬಿಸಿಯಾಗಿ ಬೆವರಿ ಕೂತರೆ ಉಳಿದವರು ನಗುತ್ತಾರೆ. ನಿಮ್ಮ ‘ನಗುನಗುತ್ತಾ’ ಎಂಬ ಪದಕ್ಕೆ ಅಂಥದ್ದೊಂದು ಕಾರಣ ಬೇಕು.

ಅಡಿಕೆಯ ರುಚಿಯನ್ನು ‘ಒಂಥರಾ ವಿಶಿಷ್ಟ’ ಎಂದು ಬರೆದಿದ್ದೀರಿ. ವಿಶಿಷ್ಟ ಅನ್ನುವುದು ಬರಹಗಾರರು ಸೋತಾಗ ಎತ್ತುವ ಬಿಳಿ ಬಾವುಟ. ನಮ್ಮಲ್ಲಿ ಒಗರು ಎಂಬ ಪದ ಇದೆ. ಅದನ್ನು ನಾವು ರುಚಿಗಳ ಸಾಲಿನಲ್ಲಿ ಇಟ್ಟಿದ್ದೇವೆ, ಆದರೆ ಅದು ನಾಲಿಗೆಗಿಂತ ಜಾಸ್ತಿ ಚರ್ಮಕ್ಕೆ ಸೇರಿದ್ದು. ಅಡಿಕೆಯ ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯ ಜಾರುವಿಕೆಯನ್ನೇ ತೆಗೆದುಬಿಡುತ್ತದೆ. ಕೆನ್ನೆಯ ಒಳಗೆ ಯಾರೋ ಹಿಡಿದು ಬಿಗಿದ ಹಾಗೆ. ಮಾತು ಹೊರಡದ ಗಳಿಗೆಯಲ್ಲಿ ಅಜ್ಜಿಯ ಬಾಯಲ್ಲಿ ಒಂದು ಹೋಳು ಅಡಿಕೆ ಇರಲಿ. ಅಷ್ಟು ಸಾಕು.

ಇನ್ನೊಂದು ಲೆಕ್ಕ ಹಾಕಿದೆ, ಕ್ಷಮಿಸಿ, ಇದು ನನ್ನ ಕೆಟ್ಟ ಚಾಳಿ. ‘ಸುವಾಸನೆ’ ಎಂಬ ಪದ ಕಥೆಯಲ್ಲಿ ಒಂಬತ್ತು ಸಲ ಬಂದಿದೆ. ಮಣ್ಣಿಗೂ ಅದೇ, ಕಾಫಿಗೂ ಅದೇ, ಬೇಯುವ ಅಡಿಕೆಗೂ ಅದೇ, ಅಜ್ಜಿಯ ಹಳೇ ಸೀರೆಗೂ ಅದೇ. ಕನ್ನಡದಲ್ಲಿ ಮೂಗಿಗೆ ಎಷ್ಟು ಪದಗಳಿವೆ ನೋಡಿ. ಅವರೆಕಾಯಿಗೆ ಸೊಗಡು. ಹಳೇ ಕೊಬ್ಬರಿ ಎಣ್ಣೆಗೆ ಕಮಟು. ಮೂಟೆಯಲ್ಲಿ ಕೂತ ಅಕ್ಕಿಗೆ ಮುಗ್ಗು. ಒಗ್ಗರಣೆಯ ಮೆಣಸಿನಕಾಯಿಗೆ ಘಾಟು. ಬೇಯದ ಮಸಾಲೆಗೆ ಹಸಿ ವಾಸನೆ. ತಳ ಹತ್ತಿದ ಹಾಲಿಗೆ ಸೀದ ವಾಸನೆ. ನಾತ ಬೇರೆ, ಗಬ್ಬು ಬೇರೆ, ಘಮ ಬೇರೆ. ಇದರಲ್ಲಿ ಬಹಳಷ್ಟು ಪದಗಳು ಅಡುಗೆಮನೆಯಲ್ಲಿ ಹುಟ್ಟಿದವು, ಏನೋ ಕೆಟ್ಟಿತು ಎಂದು ಗೊತ್ತುಮಾಡಲು ಹುಟ್ಟಿದವು. ‘ಸುವಾಸನೆ’ಯಿಂದ ಹಾಲು ಸೀದದ್ದು ಯಾರಿಗೂ ತಿಳಿಯುವುದಿಲ್ಲ.

ಸದ್ದಿನ ಪದಗಳಲ್ಲೂ ಹಾಗೇ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಓದಿದ್ದೆವಲ್ಲ, ಧೋ, ಪಟಪಟ, ಜುಳುಜುಳು. ಇವು ಕನ್ನಡದ ಆಸ್ತಿ. ಆದರೆ ಸವೆದ ನಾಣ್ಯದ ಹಾಗೆ ಕೈಯಿಂದ ಕೈಗೆ ಹೋಗಿ ಮುಖ ಅಳಿಸಿಹೋಗಿದೆ. ಜುಳುಜುಳು ಅಂದ ಕೂಡಲೇ ಓದುಗರು ನೀರನ್ನು ಕೇಳುವುದಿಲ್ಲ, ಪಠ್ಯಪುಸ್ತಕವನ್ನು ಕೇಳುತ್ತಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಆ ಸದ್ದಿಗೆ ಏನನ್ನುತ್ತಿದ್ದರು? ಅದನ್ನು ಬರೆಯಿರಿ. ನಿಘಂಟಿನಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ನಿಮಗೊಂದು ಅಳುಕು ಇದೆ ಎಂದು ಗೊತ್ತು. ‘ರಾಯಚೂರಿನವರಿಗೆ ಮೆಟ್ಟುಗತ್ತಿ, ಚೊಗರು ಎಲ್ಲ ಅರ್ಥವಾಗುತ್ತದೆಯೇ’ ಎಂದು ಪತ್ರದಲ್ಲೇ ಕೇಳಿದ್ದೀರಿ. ಅದಕ್ಕೇ ಎಲ್ಲ ಕಡೆ ‘ಚಾಕು’, ‘ದ್ರವ’ ಎಂದು ಬರೆದಿದ್ದೀರಿ. ಬೇಡ. ಮಣೆಯ ಮೇಲೆ ಕೂತು, ಅಲಗಿಗೆ ಕಾಯಿ ಒತ್ತಿ, ಸಿಪ್ಪೆ ಬಿಡಿಸುವುದನ್ನು ಒಂದು ಸಲ ಮಾಡಿ ತೋರಿಸಿದರೆ ರಾಯಚೂರಿನವರಿಗೂ ಮೆಟ್ಟುಗತ್ತಿ ಗೊತ್ತಾಗುತ್ತದೆ. ಆ ಕಡೆಯ ಒಬ್ಬರ ಕಥೆಯನ್ನು ಕಳೆದ ವರ್ಷ ಓದಿದ್ದೆ. ಒಬ್ಬಾಕೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಾಳೆ, ಗಂಡ ಕೌದಿಯೊಳಗೆ ಮಲಗಿಯೇ ಆ ಸದ್ದು ಕೇಳುತ್ತಾನೆ. ಹಿಂದಿನ ರಾತ್ರಿ ಜಗಳವಾಗಿದೆ. ಬಡಿಯುವ ಏಟು ಇವತ್ತು ಬಿರುಸಾಗಿದೆ. ದಿನಾ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿದ್ದ ಸದ್ದು ಇವತ್ತು ಬೇಗ ನಿಂತಿತು. ಅವನು ಎದ್ದು ಕೂತ. ಅವನ ಪಾಲಿನ ರೊಟ್ಟಿ ಇಲ್ಲ! ಜೋಳದ ರೊಟ್ಟಿ ಬಡಿಯಲು ನನಗೆ ಇವತ್ತಿಗೂ ಬರುವುದಿಲ್ಲ. ಆದರೂ ಆ ಬೆಳಿಗ್ಗೆ ನಾನೂ ಕೌದಿಯಲ್ಲಿದ್ದೆ.

ಕಣ್ಣಿನ ವಿಷಯ ಜಾಸ್ತಿ ಹೇಳುವುದಿಲ್ಲ. ‘ಮುತ್ತಿನಂಥ’, ‘ಬಂಗಾರದಂಥ’, ‘ರೇಷ್ಮೆಯಂಥ’ ಇವನ್ನೆಲ್ಲ ಹೊಡೆದುಹಾಕಿ. ನಿಮ್ಮ ಅಜ್ಜಿಯ ಮನೆಯಲ್ಲಿ ಎಷ್ಟು ಮುತ್ತು ಇತ್ತು? ಹೋಲಿಸಲೇಬೇಕಾದರೆ ಅವಳ ಮನೆಯಲ್ಲಿರುವ ವಸ್ತುವಿಗೆ ಹೋಲಿಸಿ.

ಈಗ ಹದಿಮೂರನೇ ಪುಟ. ತೋಟದ ಕಾಗದಕ್ಕೆ ಬೆರಳೊತ್ತಲು ಮಗ ಅಜ್ಜಿಯನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿದ್ದಾನೆ. ನೀವು ಬರೆದಿದ್ದೀರಿ: ‘ಮೆಷಿನ್ನಿನ ಗಾಜಿನ ಮೇಲೆ ಇಡುವ ಮೊದಲು ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿದಳು. ಕಪ್ಪು ಹೋಗಲಿಲ್ಲ.’

ಇದನ್ನು ಬರೆದವರು ಮತ್ತು ಭೂತಾಯಿಗೆ ಸೀರೆ ಉಡಿಸಿದವರು ಒಬ್ಬರೇ ಎಂದು ನಂಬಲು ಕಷ್ಟವಾಯಿತು. ಇಲ್ಲಿ ಒಂದೂ ವಿಶೇಷಣ ಇಲ್ಲ. ಗಾಜಿನ ತಂಪು ನೀವು ಹೇಳದೆಯೇ ನನ್ನ ಬೆರಳಿಗೆ ತಾಗಿತು. ಒರೆಸಿದ್ದರಲ್ಲಿ ಅಜ್ಜಿಯ ಸಂಕೋಚ ಇದೆ, ಅಚ್ಚುಕಟ್ಟು ಇದೆ. ಸರ್ಕಾರಿ ಗಾಜು ಕೊಳೆಯಾಗಬಾರದು ಎಂಬ ಮರ್ಯಾದೆಯೂ ಇದೆ. ಆದರೆ ಮರುಸಾಲಿನಲ್ಲೇ ನಿಮಗೆ ಧೈರ್ಯ ಸಾಲಲಿಲ್ಲ. ‘ಆ ಕಪ್ಪು ಕಲೆ ಅವಳ ಬದುಕಿನ ನೋವಿನ ಸಂಕೇತದಂತಿತ್ತು’ ಎಂದು ಸೇರಿಸಿದಿರಿ. ನಾನು ಅದನ್ನು ಕೆಂಪು ಪೆನ್ನಿನಲ್ಲಿ ಎರಡು ಸಲ ಹೊಡೆದಿದ್ದೇನೆ. ಸಂಕೇತಗೀಂಕೇತ ಏನಲ್ಲ, ಅದು ಕಲೆ. ಹಸಿ ಅಡಿಕೆಯ ಒಗರು ಕತ್ತಿಯ ಕಬ್ಬಿಣಕ್ಕೆ ತಾಗಿ ಕಪ್ಪಾಗಿ ಬೆರಳಿಗೆ ಇಳಿದದ್ದು. ಹಳೇ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಹೀಗೇ, ಒಗರು ಮತ್ತು ಕಬ್ಬಿಣ ಕೂಡಿಸಿ. ಈ ಮಾತನ್ನು ಮಾತ್ರ ಕಥೆಯಲ್ಲಿ ಬರೆಯಬೇಡಿ. ನಿಮಗೆ ಗೊತ್ತಿದ್ದರೆ ಸಾಕು.

ಮತ್ತೆ ಬರೆಯುತ್ತೀರಿ ಎಂದುಕೊಂಡಿದ್ದೇನೆ. ಬರೆಯುವ ಮೊದಲು ಊರಲ್ಲಿರುವ ನಿಮ್ಮ ಸೋದರಮಾವನಿಗೆ ಒಂದು ಫೋನ್ ಮಾಡಿ. ‘ಸುಗ್ಗಿಯಲ್ಲಿ ಹೇಗನ್ನಿಸುತ್ತಿತ್ತು ಮಾವ’ ಎಂದು ಕೇಳಬೇಡಿ. ಅವರು ‘ಚಲೋ ಇತ್ತು’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಏನು ಮಾಡುತ್ತಿದ್ದರು ಎಂದು ಕೇಳಿ. ಹಂಡೆಗೆ ಬೆಂಕಿ ಯಾರು ಹಾಕುತ್ತಿದ್ದರು, ಬೆಂದಿದೆ ಎಂದು ಅಜ್ಜಿ ಹೇಗೆ ತಿಳಿಯುತ್ತಿದ್ದಳು, ಒಣಗಿಸುವ ಅಟ್ಟದ ಮೇಲೆ ಹರವಿದ ಮೇಲೆ ಮೋಡ ಕಂಡರೆ ಮೊದಲು ಓಡುತ್ತಿದ್ದವರು ಯಾರು. ಇನ್ನೊಂದು ಪ್ರಶ್ನೆ, ಇದು ನನಗಾಗಿ. ಸುಲಿಯುವುದು ನಿಂತ ಮೇಲೆ ಆ ಕಪ್ಪು ಬೆರಳಿನಿಂದ ಪೂರ್ತಿ ಹೋಗಲು ಎಷ್ಟು ದಿನ ಹಿಡಿಯುತ್ತದೆ? ನಿಮ್ಮ ಕಥೆ ಈಗ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಮುಗಿಯುತ್ತದೆ. ಅಜ್ಜಿ ಬೆಂಗಳೂರಿಗೆ ಬಂದು, ಮಗನ ಫ್ಲಾಟಿನ ಬೇಸಿನ್ ಮುಂದೆ ನಿಂತು ದಿನಾ ಕೈ ತೊಳೆಯುವಾಗಲೂ ಅದು ಇನ್ನೂ ಇರುತ್ತದೆಯೇ? ಮಾವ ಏನು ಹೇಳಿದರು ಎಂದು ತಿಳಿಸಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ